ಹತ್ತು ವರ್ಷದ ಹುಡುಗನ ಸೊಕ್ಕು

ಹೋದ ದಸರೆಯ ಸಂಜೆ ನಾನು ಹತ್ತು ವರ್ಷದ ಒಬ್ಬ ಹುಡುಗನ ರಟ್ಟೆ ಹಿಡಿದು, ದರದರ ಎಳೆದುಕೊಂಡು ಹೋಗಿ, ಒಬ್ಬ ಗಂಡಸಿನ ಕಾಲಿಗೆ ಬೀಳಿಸಿದೆ. ಓಣಿಯ ಜನ ನೋಡಿ ಮೆಚ್ಚಿದರು. ನಾನೂ ನನ್ನನ್ನು ಮೆಚ್ಚಿಕೊಂಡೆ.

ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ನಿಲ್ಲಿಸಲಿಲ್ಲ. ಬೆಳಗಾವಿಗೆ ವಾಪಸ್ ಬಂದು ಇದೇ ಜಾಗದಲ್ಲಿ, ಇದೇ ಫೋಟೋದ ಕೆಳಗೆ, ಇಂದಿನ ಮಕ್ಕಳಿಗೆ ದೊಡ್ಡವರ ಮುಂದೆ ಬಾಗುವುದೇ ಗೊತ್ತಿಲ್ಲ ಅಂತ ಒಂದು ಅಂಕಣ ಗೀಚಿದೆ. ನಿಮಗೆ ನೆನಪಿರಬಹುದು. ಅದಕ್ಕೆ ಬಂದಷ್ಟು ಹೊಗಳಿಕೆ ನನ್ನ ಯಾವ ಬರಹಕ್ಕೂ ಬಂದಿಲ್ಲ. ರಿಟೈರ್ಡ್ ಹೆಡ್‌ಮಾಸ್ತರರೊಬ್ಬರು ಫೋನ್ ಮಾಡಿ "ನಿಮ್ಮಂಥಾವ್ರು ಇರಬೇಕ್ರಿ ಮೇಡಮ್" ಅಂದರು. ಒಂದು ವಾರ ನಾನು ಕತ್ತು ನೆಟ್ಟಗೆ ಮಾಡಿಕೊಂಡೇ ಕಾಲೇಜಿಗೆ ಹೋಗಿ ಬಂದೆ.

ಆ ಅಂಕಣ ಶುದ್ಧ ತಪ್ಪು. ಎಷ್ಟು ತಪ್ಪು ಅಂತ ಹೇಳುವುದಕ್ಕೇ ಇವತ್ತಿನದು.

ಮೊದಲೇ ಒಂದು ಮಾತು. ಇಲ್ಲಿ ಬರುವ ಹುಡುಗನ ಗುರುತು ಹೇಳುವ ಹಾಗಿಲ್ಲ. ಕಾನೂನೂ ಬೇಡ ಅನ್ನುತ್ತದೆ, ನಾನೂ ಬೇಡ ಅನ್ನುತ್ತೇನೆ. ಅವನನ್ನು ಪುಟ್ಟ ಅನ್ನೋಣ. ತಂಗಿಯ ಮಗ ಅಂತ ಬರೆಯುತ್ತೇನೆ, ತಂಗಿಯೇ ಆಗಿರಬೇಕೆಂದೇನೂ ಇಲ್ಲ. ವಯಸ್ಸು, ಓಣಿ, ಮನೆಯವರ ಕೆಲಸ ಎಲ್ಲವನ್ನೂ ಸ್ವಲ್ಪ ಆಚೀಚೆ ಸರಿಸಿದ್ದೇನೆ. (ಖಾನಾಪುರದ ಪತ್ತೇದಾರರು ದಯವಿಟ್ಟು ತಮ್ಮ ಬುದ್ಧಿಯನ್ನು ಬೇರೆ ಕಡೆ ಖರ್ಚು ಮಾಡಬೇಕು.) ಮನೆಯವರೂ, ಮುಖ್ಯವಾಗಿ ಪುಟ್ಟನೂ, ಬರಿ ಅಂದ ಮೇಲೆ ಬರೆಯುತ್ತಿದ್ದೇನೆ.

ಖಾನಾಪುರದಲ್ಲಿ ತಂಗಿಯ ಮನೆ. ಗಂಡ ಹಂಚಿನ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಹಿತ್ತಲಲ್ಲಿ ಎರಡು ಎಮ್ಮೆ. ಎಮ್ಮೆಗಳಿಗೂ ಮನೆಗೂ ಒಡತಿ ತಂಗಿಯ ಅತ್ತೆ, ಎಪ್ಪತ್ತರ ಆಸುಪಾಸಿನ ಮುದುಕಿ. ಪುಟ್ಟನಿಗೆ ಆಕೆ ಆಯಿ, ಹಾಗಾಗಿ ಓಣಿಗೆಲ್ಲ ಆಯಿ. ದಿನಾ ಸಂಜೆ ಆಯಿ ಹಾಲು ಹಿಂಡಿ, ಅಳೆದು, ಹಾಲಿನ ಕಿಟ್ಲಿಗೆ ತುಂಬಿ ಮೊಮ್ಮಗನ ಕೈಗೆ ಕೊಡುವುದು. ಅವನು ನಾಲ್ಕು ಮನೆಗೆ ಹಾಕಿ ಬರುವುದು. ನಾಲ್ಕನೆಯ ಮನೆ ಕಾಕಾನದು.

ಈ ಕಾಕಾ ಯಾರಿಗೂ ಸ್ವಂತ ಕಾಕಾ ಅಲ್ಲ, ಎಲ್ಲರಿಗೂ ಕಾಕಾ. ನಿಮ್ಮ ಓಣಿಯಲ್ಲೂ ಒಬ್ಬರಿರುತ್ತಾರೆ. ನೌಕರಿಯಿಂದ ರಿಟೈರ್ ಆದ ಮನುಷ್ಯ. ಹೆಂಡತಿ ವರ್ಷದಲ್ಲಿ ಎಂಟು ತಿಂಗಳು ಮಗಳ ಊರಲ್ಲಿ. ರೇಷನ್ ಕಾರ್ಡಿನ ಫಾರ್ಮ್ ತುಂಬಿಕೊಡುವವನು ಇವನೇ, ಆಧಾರ್ ಲಿಂಕ್ ಮಾಡಿಸುವವನು ಇವನೇ, ಕನ್ನಡದಲ್ಲಿ ಬಂದ ನೋಟಿಸನ್ನು ಮರಾಠಿಯಲ್ಲಿ ಓದಿ ಹೇಳುವವನೂ ಇವನೇ. ಮಕ್ಕಳು ಕಂಡರೆ ಜೇಬಿನಿಂದ ಪೆಪ್ಪರ್‌ಮಿಂಟ್. ಓಣಿಯ ವಾಟ್ಸಾಪ್ ಗ್ರೂಪಿನ ಅಡ್ಮಿನ್. ಸೋಮವಾರ ಉಪವಾಸ.

ದಸರೆಗೆ ಮುಂಚಿನ ವಾರ ಆ ಓಣಿಗೆ ಮಕ್ಕಳ ಕಳ್ಳರು ಬಂದಿದ್ದರು. ಅಂದರೆ ಫೋನಿನೊಳಗೆ ಬಂದಿದ್ದರು. ಬಿಳಿ ವ್ಯಾನ್, ಎಚ್ಚರ ತಪ್ಪಿಸುವ ಔಷಧ, ಕಿಡ್ನಿ, ಇತ್ಯಾದಿ. ವಿಡಿಯೊ ಯಾವ ದೇಶದ್ದೋ, ಅದರ ಕೆಳಗಿನ ಬರಹ ಮಾತ್ರ ಖಾನಾಪುರದ್ದು. ಎಲ್ಲರೂ ಎಚ್ಚರಿಕೆಯಿಂದ ಇರಬೇಕು, ಹೊಸ ಮುಖ ಕಂಡರೆ ಕೂಡಲೇ ತಿಳಿಸಬೇಕು ಅಂತ ಕಾಕಾ ಬೆಳಗ್ಗೆ ಒಂದು, ಸಂಜೆ ಒಂದು ಮೆಸೇಜ್ ಹಾಕುತ್ತಿದ್ದ.

ಹೊಸ ಮುಖವೂ ಸಿಕ್ಕಿತು. ಹೆಗಲ ಮೇಲೆ ಗಂಟು ಹೊತ್ತು ಚಾದರ ಮಾರಿಕೊಂಡು ಬಂದ ಉತ್ತರದ ಕಡೆಯ ಬಡಪಾಯಿ. ಮೂವತ್ತು ಜನ ಸುತ್ತುವರಿದರು. ಕಾಕಾನೇ ವಿಚಾರಣೆ ನಡೆಸಿದ. ಮರಾಠಿಯಲ್ಲಿ ಊರು ಕೇಳಿದ, ಕನ್ನಡದಲ್ಲಿ ಹೆಸರು ಕೇಳಿದ, ಎರಡೂ ತಿಳಿಯದ ಆತ ಪ್ರತಿ ಪ್ರಶ್ನೆಗೂ ಚಾದರದ ಬಣ್ಣ ಹೇಳಿದ. ಗಂಟು ಬಿಚ್ಚಿ ನೋಡಿದರು. ಒಳಗೆ ಮಕ್ಕಳಿರಲಿಲ್ಲ. ಚಾದರ ಚಲೋ ಇದ್ದವು ಅಂತ ತಂಗಿಯೇ ಎರಡು ಕೊಂಡಳು.

"ಕಾಕಾ ಅದಾರ ಅಂತ ನಾವು ನಿಶ್ಚಿಂತಿ ಅದೀವಿ ಅಕ್ಕಾ" ಅಂದಳು ಫೋನಿನಲ್ಲಿ.

ದಸರೆಯ ದಿನ ನಾನು ಖಾನಾಪುರದಲ್ಲಿದ್ದೆ. ನಮ್ಮ ಕಡೆ ದಸರೆ ಅಂದರೆ ಬನ್ನಿ. (ದಕ್ಷಿಣದ ಓದುಗರಿಗಾಗಿ: ಸಂಜೆ ಮಕ್ಕಳು ಬನ್ನಿ ಎಲೆ ಹಿಡಿದು ಮನೆ ಮನೆಗೆ ಹೋಗಿ, ದೊಡ್ಡವರ ಕೈಗೆ ಕೊಟ್ಟು ಕಾಲಿಗೆ ಬೀಳುತ್ತವೆ. ಆ ಎಲೆಗೆ ಆ ದಿನದ ಮಟ್ಟಿಗೆ ಬಂಗಾರ ಅಂತ ಹೆಸರು. ಬಂಗಾರ ತಗೊಂಡು ಬಂಗಾರದ್ಹಂಗ ಇರೂಣು ಅನ್ನುತ್ತವೆ. ದೊಡ್ಡವರು ತಲೆ ಮುಟ್ಟಿ ಹರಸುತ್ತಾರೆ. ಯಾರ ಮನೆಯನ್ನೂ ಬಿಡುವಂತಿಲ್ಲ. ವರ್ಷವಿಡೀ ಮಾತು ಬಿಟ್ಟವರ ಮನೆಗೂ ಅವತ್ತು ಹೋಗಬೇಕು.)

ಪುಟ್ಟ ಇಡೀ ಓಣಿ ಸುತ್ತಿ ಬಂದಿದ್ದ. ದೀಪ ಹಚ್ಚುವ ಹೊತ್ತಿಗೆ ಕಾಕಾ ನಮ್ಮ ಕಟ್ಟೆಯ ಹತ್ತಿರ ಬಂದು ನಿಂತ.

"ಎಲ್ಲಾರ ಮನಿಗೂ ಬಂಗಾರ ಮುಟ್ಟೇತಿ. ನಮ್ಮ ಮನಿ ಒಂದ ನಿಮ್ಮ ಸಾಹೇಬರಿಗೆ ಕಾಣಲಿಲ್ಲ ನೋಡ್ರಿ" ಅಂದ, ನಗುತ್ತ.

(ಆಗ ನಾನು 'ಅಂದರು' ಅನ್ನುತ್ತಿದ್ದೆ. ಈಗ ಬಹುವಚನ ಕಿತ್ತುಕೊಂಡಿದ್ದೇನೆ. ಸದ್ಯಕ್ಕೆ ನನ್ನ ಕೈಯಲ್ಲಿರುವ ಶಿಕ್ಷೆ ಅದೊಂದೇ.)

ತಂಗಿಗೆ ನಾಚಿಕೆಯಾಯಿತು. ಪುಟ್ಟನನ್ನು ಕರೆದಳು. ಹೋಗಿ ಬಂಗಾರ ಕೊಟ್ಟು ಬಾ ಅಂದಳು.

"ಒಲ್ಲೆ" ಅಂದ ಪುಟ್ಟ.

"ಯಾಕ?"

"ಒಲ್ಲೆ."

"ಸೊಕ್ಕ ಬಂದೈತಿ" ಅಂದರು ಆಯಿ. "ಮೊಬೈಲ್ ನೋಡಿ ನೋಡಿ ಸೊಕ್ಕ ಬಂದೈತಿ."

"ಒಂದ ತಿಂಗಳಾತ ಅಕ್ಕಾ" ಅಂದಳು ತಂಗಿ ನನ್ನ ಕಡೆ ತಿರುಗಿ. "ಕಾಕಾರ ಮನಿಗೆ ಹಾಲ ಹಾಕಿ ಬಾ ಅಂದ್ರ ಹೊಟ್ಟಿ ನೋವು ಅಂತಾನ. ಆಟಕ್ಕ ಹೋಗಾಗ ಮಾತ್ರ ಹೊಟ್ಟಿ ನೋಯೂದಿಲ್ಲ."

ನಾವು ಮೂವರೂ ನಕ್ಕೆವು. ಮೂರು ಜನ ಶಾಣ್ಯಾ ಹೆಂಗಸರು. ಒಬ್ಬಳು ಎಂ.ಎ., ಒಬ್ಬಳು ಡಿಗ್ರಿ, ಒಬ್ಬರು ಐವತ್ತು ವರ್ಷದಿಂದ ಎಮ್ಮೆಯ ಕಣ್ಣು ನೋಡಿಯೇ ಅದರ ಜ್ವರ ಹೇಳುವವರು. ಇದಕ್ಕಿಂತ ಬಿಡಿಸಿ ಒಂದು ಮಗು ಇನ್ನೇನು ಹೇಳಬೇಕಿತ್ತು? ಆ ಮನೆ ಅಂದರೆ ಹೊಟ್ಟೆನೋವು, ಬೇರೆ ಎಲ್ಲೂ ಇಲ್ಲ. ಎಮ್ಮೆ ಹೀಗೆ ಮಾಡಿದ್ದರೆ ಆಯಿ ಅವತ್ತೇ ಡಾಕ್ಟರನ್ನು ಕರೆಸುತ್ತಿದ್ದರು.

"ನಾ ಕರ್ಕೊಂಡ ಹೋಗ್ತೀನಿ ತಡಿ" ಅಂದೆ ನಾನು. ಊರಿಗೆ ಬುದ್ಧಿ ಹೇಳಿ ರೂಢಿಯಾದವಳಲ್ಲವೇ.

ರಟ್ಟೆ ಹಿಡಿದೆ. ಅವನು ಹೊಸ್ತಿಲಿಗೆ ಕಾಲು ಕೊಟ್ಟು ನಿಂತ. ಎಳೆದೆ. ಕಾಕಾನ ಮನೆಯ ಬಾಗಿಲಲ್ಲಿ ಅವನ ತಲೆಯ ಹಿಂದೆ ಕೈಯಿಟ್ಟು ಬಗ್ಗಿಸಿದೆ. ಕಾಕಾ ಎರಡೂ ಭುಜ ಹಿಡಿದು ಎಬ್ಬಿಸಿ, "ಶಾಣ್ಯಾ ಅದಾನ, ಹಿಂಗ ಹೇಳಿದ್ಹಂಗ ಕೇಳಬೇಕ" ಅಂದ. ಪುಟ್ಟನ ಮುಖ ನೋಡಿದೆ. ಸಿಟ್ಟು ಅಂದುಕೊಂಡೆ. ಐವತ್ತು ವರ್ಷ ದಾಟಿದ ಮೇಲೂ ನನಗೆ ಹೆದರಿಕೆಗೂ ಸಿಟ್ಟಿಗೂ ವ್ಯತ್ಯಾಸ ತಿಳಿಯಲಿಲ್ಲ.

ಮುಂದಿನದು ನಿಮಗೆ ಗೊತ್ತು. ಅಂಕಣ ಬರೆದೆ. ಪುಣ್ಯಕ್ಕೆ ಯಾರ ಹೆಸರೂ ಹಾಕಿರಲಿಲ್ಲ, ಊರನ್ನೂ ಹೇಳಿರಲಿಲ್ಲ. ನಿಮಗೆ ಗೊತ್ತಿಲ್ಲದ್ದು ಒಂದಿದೆ. ಆ ಅಂಕಣದ ಫೋಟೋ ತೆಗೆದು ಓಣಿಯ ಗ್ರೂಪಿಗೆ ಹಾಕಿದವನು ಕಾಕಾ. ಕೆಳಗೆ ಮೂರು ಜೋಡಿ ಮುಗಿದ ಕೈ. ತಂಗಿ ಅದನ್ನು ಜೋರಾಗಿ ಓದಿದಳಂತೆ, ಆಯಿ ತಲೆದೂಗಿದರಂತೆ. ಪುಟ್ಟ ಅಲ್ಲೇ ಕೂತು ಹೋಂವರ್ಕ್ ಮಾಡುತ್ತಿದ್ದನಂತೆ. ದೊಡ್ಡವ್ವನಾದ ನಾನು ಯಾರ ಕಡೆ ಅಂತ ಅವನಿಗೆ ಪ್ರಿಂಟ್‌ನಲ್ಲೇ ಗೊತ್ತಾಯಿತು.

ದೀಪಾವಳಿ ರಜೆಗೆ ಪುಟ್ಟ ಬೆಳಗಾವಿಗೆ, ವಡಗಾವಿಯ ನಮ್ಮ ಮನೆಗೆ ಬಂದ. ಅವನೇ ಹಟ ಮಾಡಿ ಬಂದ. ನನ್ನ ಮೇಲಿನ ಪ್ರೀತಿ ಅಂದುಕೊಂಡೆ. (ನಾನು ಅಂದುಕೊಂಡದ್ದರ ಪಟ್ಟಿ ಹೀಗೇ ಬೆಳೆಯುತ್ತ ಹೋಗುತ್ತದೆ.) ರಜೆಯಲ್ಲಿ ಹಾಲು ಹಾಕುವ ಕೆಲಸ ತಪ್ಪುತ್ತದೆ ಅಂತ ಬಂದಿದ್ದ.

ನಮ್ಮ ಬಾಜು ಮನೆಯಲ್ಲಿ ಶಹನಾಜ್ ಆಪಾ ಇದ್ದಾರೆ. ಅಂಗನವಾಡಿ ಕಾರ್ಯಕರ್ತೆ. ಇಪ್ಪತ್ತು ವರ್ಷದಿಂದ ಓಣಿಯ ಮಕ್ಕಳ ಮೂಗು ಒರೆಸಿದವರು. ಕೊತ್ತಂಬರಿ ಕೇಳಲು ಬಂದವರು ಪುಟ್ಟನನ್ನು ಕಂಡು ಬಾಗಿಲಲ್ಲೇ ನಿಂತರು.

"ಏನಪಾ ಸಾಹೇಬ, ಕೈ ಕುಲಕೂಣೇನು, ಟಾಟಾ ಮಾಡೂಣೇನು, ಏನೂ ಬ್ಯಾಡೇನು?"

ಪುಟ್ಟ ಯೋಚನೆ ಮಾಡಿ "ಏನೂ ಬ್ಯಾಡ" ಅಂದ.

"ಏನೂ ಬ್ಯಾಡಂದ್ರ ಏನೂ ಬ್ಯಾಡ" ಅಂದು ಆಪಾ ನನ್ನ ಪಕ್ಕ ಕೂತರು.

ನನಗೆ ಮುಜುಗರ. "ಅವಗ ಸ್ವಲ್ಪ ಸೊಕ್ಕ ಆಪಾ" ಅಂದೆ.

"ಸೊಕ್ಕ್ಯಾಕರೀ? ನಾ ಕೇಳಿದೆ, ಆಂವ ಹೇಳಿದ. ನಮ್ಮ ಅಂಗನವಾಡ್ಯಾಗ ದಿನಾ ಹಿಂಗ. ಮೈ ಕೂಸಿಂದು, ಕೇಳಿ ಮುಟ್ಟಬೇಕಲ್ರಿ."

ಪುಟ್ಟ ಇದನ್ನು ಕೇಳಿಸಿಕೊಂಡ. ನಾನು ಕೊತ್ತಂಬರಿ ಹುಡುಕಲು ಎದ್ದೆ.

ಮರುದಿನ ಬೆಳಗ್ಗೆ ನಾವಿಬ್ಬರೂ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದೆವು. ಹಿಂದಿನ ಮನೆಯ ಮಗ್ಗಗಳು ಖಟಖಟ ಅನ್ನುತ್ತಿದ್ದವು. ಆ ಸದ್ದಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಬೇಕಾದರೆ ಹತ್ತಿರ ಕೂರಬೇಕು. ಪುಟ್ಟ ಹತ್ತಿರ ಸರಿದ.

"ದೊಡ್ಡವ್ವ, ಏನೂ ಬ್ಯಾಡ ಅಂದ್ರ ಆಪಾಗ ಸಿಟ್ಟ ಬರೂದಿಲ್ಲೇನು?"

"ಇಲ್ಲ."

"ನಿನಗ?"

"ನನಗ್ಯಾಕ ಬರತೈತಿ?"

"ಕಾಕಾಗ ಬರತೈತಿ."

ನನ್ನ ಕೈ ನಿಂತಿತು. ಮತ್ತೆ ಸುಲಿಯತೊಡಗಿದೆ. ನಾನು ನಿಲ್ಲಿಸಿದರೆ ಅವನೂ ನಿಲ್ಲಿಸುತ್ತಾನೆ ಅಂತ ಯಾಕೋ ಅನ್ನಿಸಿತು. ಈ ಇಡೀ ಪ್ರಕರಣದಲ್ಲಿ ನಾನು ಸರಿಯಾಗಿ ಮಾಡಿದ ಮೊದಲ ಕೆಲಸ ಅದು.

"ಹಾಲು ಒಳಗ ತಂದಿಡು ಅಂತಾರ" ಅಂದ ಪುಟ್ಟ, ಶೇಂಗಾದ ಮೇಲೆ ಕಣ್ಣಿಟ್ಟು. "ಆಮ್ಯಾಲೆ ಬಾಗಲಾ ಹಾಕ್ತಾರ."

ಉಳಿದದ್ದನ್ನೂ ಹೇಳಿದ. ಅದನ್ನು ನಾನು ಬರೆಯುವುದಿಲ್ಲ. ಅದು ಪುಟ್ಟನದು, ಪೇಪರಿನದಲ್ಲ.

"ಇದನ್ನ ಯಾರಿಗರ ಹೇಳಿದ್ದೇನಪಾ?" ಅಂತ ಕೇಳಿದೆ.

"ಹೇಳಿದ್ನಲ್ಲ."

"ಯಾರಿಗೆ?"

"ಎಲ್ಲಾರಿಗೂ. ಅವ್ವಗ ಹಾಲ ಹಾಕಾಕ ಒಲ್ಲೆ ಅಂದೆ. ಆಯಿಗ ಕಾಕಾ ಚಲೋ ಇಲ್ಲ ಅಂದೆ. ದಸರಾದಾಗ ನಿನಗ ಒಲ್ಲೆ ಅಂದೆ."

ಮಕ್ಕಳು ಇಂಥದ್ದನ್ನು ಹೇಳುವುದಿಲ್ಲ, ಮುಚ್ಚಿಡುತ್ತಾರೆ ಅಂತ ನಾನೇ ಎಷ್ಟೋ ವೇದಿಕೆಗಳಲ್ಲಿ ಭಾಷಣ ಬಿಗಿದಿದ್ದೇನೆ. ಶಾಲು, ಹಣ್ಣಿನ ಬುಟ್ಟಿ ತಗೊಂಡು ಬಂದಿದ್ದೇನೆ. ಎಷ್ಟೋ ಮಕ್ಕಳು ಬಾಯೇ ಬಿಡುವುದಿಲ್ಲ, ನಿಜ. ಆದರೆ ಈ ಹುಡುಗ ಹೇಳಿದ್ದ. ಸರ್ಕಾರಿ ಅರ್ಜಿಯ ಭಾಷೆಯಲ್ಲಿ ಹೇಳಿರಲಿಲ್ಲ, ಅಷ್ಟೇ. ನಾವು ಯಾವುದಕ್ಕೆ ಕಾಯುತ್ತಿದ್ದೆವು? ದಿನಾಂಕ, ಸ್ಥಳ, ಕೆಳಗೆ ರುಜು?

ತಪ್ಪು ನಿನ್ನದಲ್ಲ, ನೀನು ಹೇಳಿದ್ದನ್ನು ನಾನು ನಂಬುತ್ತೇನೆ ಅಂದೆ. ಪುಟ್ಟ ಶೇಂಗಾದ ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದ.

"ಪೆಪ್ಪರಮಿಂಟ್ ತಗೊಂಡಿದ್ನಲ್ಲ ದೊಡ್ಡವ್ವ?" ಅಂದ.

ಅಂದರೆ ಇಷ್ಟು ದಿನ ಈ ಹುಡುಗ ತನ್ನ ಮೇಲೆ ತಾನೇ ಕೇಸ್ ನಡೆಸುತ್ತಿದ್ದ. ಪೆಪ್ಪರ್‌ಮಿಂಟ್ ತಗೊಂಡಿದ್ದೇನೆ, ಹಾಗಾಗಿ ನಾನೂ ತಪ್ಪಿತಸ್ಥ. ನನಗೆ ಅಳು ಬಂತು. ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. ಪೆಪ್ಪರ್‌ಮಿಂಟ್ ತಿಂದರೆ ಹಲ್ಲು ಹುಳುಕಾಗುತ್ತದೆ, ತಪ್ಪಾಗುವುದಿಲ್ಲ, ತಪ್ಪು ಕೊಟ್ಟವನದು ಅಂದೆ. ಪುಟ್ಟ ಹುಂ ಅಂದ.

ಅವನನ್ನು ನಮ್ಮ ಮನೆಯವರ ಜೊತೆ ಬಿಟ್ಟು ಆಪಾರ ಮನೆಗೆ ಓಡಿದೆ. ಈಗಲೇ ಖಾನಾಪುರಕ್ಕೆ ಹೋಗಿ ಆ ಮನುಷ್ಯನ ಕಾಲರ್ ಹಿಡಿಯುತ್ತೇನೆ ಅಂದೆ.

"ಕಾಲರ್ ಹಿಡದ್ರ ಆಂವ ಹುಷಾರ್ ಆಗ್ತಾನ, ಅಷ್ಟ" ಅಂದರು ಆಪಾ. "ಮೊದಲ ಹುಡುಗ ಹೇಳಿದ್ದನ್ನ ಹೆಂಗ ಹೇಳ್ಯಾನೋ ಹಂಗ ಬರದಿಡ್ರಿ. ಮತ್ತ ಮತ್ತ ಕೇಳಬ್ಯಾಡ್ರಿ, ಹತ್ತ ಮಂದಿ ಮುಂದ ಹೇಳಸಬ್ಯಾಡ್ರಿ. ಅವರವ್ವ ಅಪ್ಪಗ ಹೇಳ್ರಿ. ಮಕ್ಕಳ ಸಹಾಯವಾಣಿಗೆ ಫೋನ್ ಹಚ್ಚೂಣು. ಆಮ್ಯಾಲೆ ಪೊಲೀಸ್. ಕುಂದರ್ರಿ, ನೀರ ಕುಡೀರಿ."

ಅಂದೇ ಮಧ್ಯಾಹ್ನದ ಬಸ್ಸಿಗೆ ಖಾನಾಪುರ ಮುಟ್ಟಿದೆ. ಪುಟ್ಟ ವಡಗಾವಿಯಲ್ಲೇ ಉಳಿದ. ಅಡುಗೆಮನೆಯಲ್ಲಿ ತಂಗಿ, ಆಕೆಯ ಗಂಡ, ಗಂಡನ ಅಣ್ಣ, ಆಯಿ. ಹೇಳಿದೆ. ತಂಗಿ ಗೋಡೆಗೆ ತಲೆಯಾನಿಸಿ ಕೂತುಬಿಟ್ಟಳು. ಗಂಡ ಕೊಡಲಿ ಹುಡುಕಲು ಎದ್ದ. ಅಣ್ಣ ಅವನನ್ನು ಹಿಡಿದು ಕೂರಿಸಿದ. ಆಮೇಲೆ ಆ ಅಣ್ಣನೇ ಮಾತಿಗೆ ಶುರು ಹಚ್ಚಿದ.

"ಗಂಡ ಹುಡುಗ ಅದಾನಲ್ರಿ. ಗಂಡ ಹುಡುಗಗ ಏನ ಆಗತೈತಿ?"

ಗಂಡು ಹುಡುಗನಿಗೂ ಹೆಣ್ಣು ಹುಡುಗಿಗೂ ಹೆದರಿಕೆ ಒಂದೇ ಸೈಜಿನದು ಅಂದೆ. ಕಾನೂನೂ ಅಲ್ಲಿ ಭೇದ ಮಾಡುವುದಿಲ್ಲ.

"ಆದ್ರ ಒದರಬೇಕಿತ್ತಿಲ್ಲ? ಬಾಜೂಕ ಮನಿ ಅದಾವ."

ಹಿಂದೊಮ್ಮೆ ಮುಂದಿನ ಓಣಿಯ ರೌಡಿ ದಾದಾ ನಿಮ್ಮ ಕಾಲರ್ ಹಿಡಿದಾಗ ನೀವು ಒದರಿದ್ದಿರಾ, ಅಣ್ಣಾರ, ಇಲ್ಲ ಸುಮ್ಮನೆ ನಿಂತಿದ್ದಿರಾ ಅಂತ ಕೇಳಬೇಕೆನ್ನಿಸಿತು. ಕೇಳಲಿಲ್ಲ. ಸಭೆಗೆ ಬೇರೆ ವಿಷಯವಿತ್ತು.

"ಮೊಬೈಲ್‌ದಾಗ ಏನರ ನೋಡಿರಬೇಕು, ಅದನ್ನ ಹೇಳಾಕತ್ತಾನ. ಹುಡುಗೂರು ಕಥಿ ಕಟ್ಟತಾವ."

ಮಕ್ಕಳು ಕಥೆ ಕಟ್ಟುತ್ತಾರೆ, ಖರೇ. ಹುಲಿ ಕಂಡೆ ಅನ್ನುತ್ತಾರೆ. ಹೋಂವರ್ಕ್ ಬುಕ್ಕನ್ನು ಎಮ್ಮೆ ತಿಂತು ಅನ್ನುತ್ತಾರೆ. ಅಂಥ ಕಥೆಯಲ್ಲಿ ಅವರಿಗೆ ಲಾಭವಿರುತ್ತದೆ. ಈ ಕಥೆ ಕಟ್ಟಿ ಪುಟ್ಟನಿಗೆ ಏನು ಸಿಗಬೇಕಿತ್ತು? ದಸರೆಯ ದಿನ ನನ್ನಿಂದ ಸಿಕ್ಕಿದ್ದೇ?

"ಕಾಕಾ ಅಂಥಾವ್ರಲ್ರಿ. ಮೊಮ್ಮಕ್ಕಳದಾವ ಅವರಿಗೆ. ಮನಿತನ ನೋಡ್ರಿ. ಸೋಮವಾರ ನೀರ ಸುದ್ಧಾ ಕುಡಿಯೂದಿಲ್ಲ ಅವರು."

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮೆಲ್ಲರ ತಲೆಯೊಳಗೆ ಇಂಥ ಮನುಷ್ಯನದೊಂದು ಫೋಟೋ ಇದೆ. ಗಡ್ಡ ಬಿಟ್ಟಿರುತ್ತಾನೆ, ಕಣ್ಣು ಕೆಂಪಗಿರುತ್ತದೆ, ಬೇರೆ ಭಾಷೆ ಆಡುತ್ತಾನೆ, ಹೆಗಲ ಮೇಲೆ ಗಂಟು ಇದ್ದರಂತೂ ಮುಗಿದೇ ಹೋಯಿತು. ಈ ಕೆಲಸ ಬಡವರಲ್ಲಿ, ದೊಡ್ಡ ಸಿಟಿಯಲ್ಲಿ, ಕುಡುಕರ ಮನೆಯಲ್ಲಿ ನಡೆಯುತ್ತದೆ ಅಂತ ನಂಬಿದ್ದೇವೆ. ಅಂದರೆ ನಮ್ಮ ಮನೆಯೊಂದು ಬಿಟ್ಟು ಎಲ್ಲ ಕಡೆ. ಮಕ್ಕಳ ಜೊತೆ ಕೆಲಸ ಮಾಡುವ ಯಾರನ್ನಾದರೂ ಕೇಳಿ. ನಾನು ಈ ಎರಡು ತಿಂಗಳಲ್ಲಿ ಟೀಚರುಗಳನ್ನು, ಡಾಕ್ಟರುಗಳನ್ನು, ವಕೀಲರನ್ನು ಕೇಳಿದ್ದೇನೆ. ಎಲ್ಲರೂ ಹೇಳಿದ್ದು ಒಂದೇ. ಹೆಚ್ಚಿನ ಸಲ ಅವನು ಪರಿಚಯದವನು. ಮನೆಯೊಳಗೆ ಬರುವವನು, ಮಗು ಯಾವಾಗ ಒಬ್ಬಂಟಿ ಅಂತ ಗೊತ್ತಿರುವವನು, ಅಪ್ಪ ಅಮ್ಮನ ಜೊತೆ ಚಹಾ ಕುಡಿಯುವವನು. ಅಪರಿಚಿತನಿಗೆ ನಾವು ಚಹಾ ಕೊಡುವುದಿಲ್ಲವಲ್ಲ. ಆಧಾರ್ ಕಾರ್ಡ್ ಕೇಳುತ್ತೇವೆ.

ಒಂದು ಗಂಟೆ ಕಳೆಯುವಷ್ಟರಲ್ಲಿ ಕೊಡಲಿ ಹುಡುಕಿದ ಅಪ್ಪನೂ ತಣ್ಣಗಾದ. "ಹೊರಗ ಗೊತ್ತಾದ್ರ ಹುಡುಗನ ಜೀವನಾ ಏನಾಗಬೇಕ್ರಿ?" ಅಂದ. ಅವನ ಕಣ್ಣಲ್ಲಿ ನೀರಿತ್ತು. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹೆದರಿದವನ ಮಾತು ಅದು.

ಕೊನೆಗೆ ಅಣ್ಣ ತೀರ್ಪು ಕೊಟ್ಟ. "ಹಾಲ ಹಾಕೂದು ಬಂದ್ ಮಾಡೂಣು. ಮುಗೀತಿಲ್ರಿ?"

ಎಂಥ ಶಿಕ್ಷೆ ನೋಡಿ. ಮನುಷ್ಯನಿಗೆ ನಾಳೆಯಿಂದ ಎಮ್ಮೆ ಹಾಲಿಲ್ಲ. ಪಾಕೆಟ್ ಹಾಲು ತರಬೇಕು. ಅದನ್ನು ಯಾರ ಮನೆಯ ಮಗುವಿನ ಕೈಲಿ ತರಿಸುತ್ತಾನೆ ಅಂತ ಯಾರೂ ಕೇಳಲಿಲ್ಲ. ನಾನು ಕೇಳಿದೆ.

ಇಷ್ಟು ಹೊತ್ತೂ ಆಯಿ ಮೂಲೆಯಲ್ಲಿ ಕೂತಿದ್ದರು. ಕಾಕಾನನ್ನು ಓಣಿಯಲ್ಲಿ ಎಲ್ಲರಿಗಿಂತ ಹೆಚ್ಚು ಹೊಗಳುತ್ತಿದ್ದವರು ಅವರೇ. ಅವರ ವಿಧವಾ ಪಿಂಚಣಿಯ ಅರ್ಜಿ ತುಂಬಿದ್ದು ಅವನೇ. ಹೋಗು ಅಂತ ಪುಟ್ಟನ ಬೆನ್ನಿಗೆ ಗುದ್ದಿ ಹಾಲು ಕೊಟ್ಟು ಕಳಿಸುತ್ತಿದ್ದದ್ದೂ ಅವರೇ. ಆಯಿ ಎದ್ದು ಒಳಗೆ ಹೋದರು. ಹೊರಗೆ ಬಂದಾಗ ಇಳಕಲ್ ಸೀರೆ ಉಟ್ಟಿದ್ದರು.

"ಆಟೋ ತರಸು" ಅಂದರು ಕಿರಿಯ ಮಗನಿಗೆ.

"ಎಲ್ಲಿಗವ್ವಾ?"

"ಸ್ಟೇಷನ್ನಿಗೆ."

"ಅವ್ವಾ, ಸ್ವಲ್ಪ ವಿಚಾರ ಮಾಡೂಣು."

"ನೀ ವಿಚಾರ ಮಾಡ್ಕೋತ ಕುಂದರು. ನಾ ಹೋಗಿ ಬರ್ತೀನಿ."

ದೊಡ್ಡ ಮಗ ಮನೆತನದ ಮರ್ಯಾದೆ ಅಂತ ಏನೋ ಅಂದ.

"ಮರ್ಯಾದಿ ಹೋದ್ರ ಆಂವಂದ ಹೋಗಬೇಕು" ಅಂದರು ಆಯಿ, ಚಪ್ಪಲಿ ಮೆಟ್ಟುತ್ತ. "ನಮ್ಮದ್ಯಾಕ ಹೋಗತೈತಿ?"

ಆಟೋದಲ್ಲಿ ಆಯಿ, ನಾನು, ತಂಗಿ. ಹಿಂದಿನಿಂದ ಬೈಕಿನಲ್ಲಿ ಪುಟ್ಟನ ಅಪ್ಪ. ಸ್ಟೇಷನ್ನಿನಲ್ಲಿ ಕುರ್ಚಿ ಕೊಟ್ಟರು, ಕೇಳಿದರು, ಬರೆದುಕೊಂಡರು. ಗೊತ್ತಿದ್ದೂ ಹೇಳದೆ ಇರುವುದೂ ಅಪರಾಧ, ಬಂದದ್ದು ಒಳ್ಳೆಯದಾಯಿತು ಅಂದರು. ಪುಟ್ಟನನ್ನು ಮಾತಾಡಿಸಲು ಒಬ್ಬ ಮಹಿಳಾ ಅಧಿಕಾರಿ ವಡಗಾವಿಗೇ ಬಂದರು, ಸಾದಾ ಚೂಡಿದಾರ ಹಾಕಿಕೊಂಡು. ಅವರು ಹೋದ ಮೇಲೆ ಪೊಲೀಸರು ಯಾವಾಗ ಬರುತ್ತಾರೆ ಅಂತ ಪುಟ್ಟ ಕೇಳಿದ.

ಕೇಸ್ ಕೋರ್ಟಿನಲ್ಲಿದೆ. ತೀರ್ಪು ಕೋರ್ಟು ಕೊಡಲಿ. ನಾನು ಹುಡುಗನನ್ನು ನಂಬಿದ್ದೇನೆ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆಮೇಲೆ ಅದೇ ಓಣಿಯ ಇನ್ನೆರಡು ಮನೆಗಳಿಂದ ತಾಯಂದಿರು ಬಂದು ತಂಗಿಯ ಹತ್ತಿರ ತಗ್ಗಿದ ದನಿಯಲ್ಲಿ ಮಾತಾಡಿ ಹೋದರು. ಅದರಲ್ಲಿ ಒಬ್ಬರು ಸ್ಟೇಷನ್ನಿಗೂ ಹೋದರು. ಉಳಿದ ಓಣಿಯಲ್ಲಿ ಅರ್ಧ ಜನ ತಂಗಿಯ ಜೊತೆ ಮಾತು ಬಿಟ್ಟಿದ್ದಾರೆ. ಪಾಪ, ಒಳ್ಳೆಯ ಮನುಷ್ಯನನ್ನು ಈ ವಯಸ್ಸಿನಲ್ಲಿ ಓಡಾಡಿಸಿದರು ಅನ್ನುತ್ತಾರೆ. ಹತ್ತನೆಯ ವಯಸ್ಸಿನಲ್ಲಿ ಓಡಾಡುತ್ತಿರುವವನ ಬಗ್ಗೆ ಅವರ ಬಳಿ ಪಾಪ ಉಳಿದಿಲ್ಲ.

ವಾಟ್ಸಾಪ್ ಗ್ರೂಪಿನಿಂದ ಕಾಕಾ ಹೊರಗೆ ಹೋದ. ಹೊಸ ಅಡ್ಮಿನ್ ಬಂದ. ಓಣಿಯವರು ಮೀಟಿಂಗ್ ಮಾಡಿ, ಮಕ್ಕಳ ಸುರಕ್ಷತೆಗಾಗಿ ಸಿಸಿಟಿವಿ ಹಾಕಿಸಲು ತೀರ್ಮಾನಿಸಿದ್ದಾರೆ. ಯಾವ ಕಡೆ ಮುಖ ಮಾಡಿ ಹಾಕಿಸುತ್ತೀರಿ ಅಂತ ಕೇಳಿದೆ.

"ರಸ್ತೆ ಕಡೆಗ್ರಿ" ಅಂದ ಹೊಸ ಅಡ್ಮಿನ್. "ಹೊರಗಿನವ್ರು ಬರ್ತಾರಲ್ರಿ."

ಪುಟ್ಟ ಈಗ ಚೆನ್ನಾಗಿದ್ದಾನೆ ಅಂತ ಬರೆದರೆ ಸುಳ್ಳಾಗುತ್ತದೆ. ಕೆಲವು ದಿನ ಚೆನ್ನಾಗಿರುತ್ತಾನೆ. ಕೆಲವು ದಿನ ಎಮ್ಮೆಗಳ ಹತ್ತಿರ ಕೂತು ಯಾರ ಜೊತೆಗೂ ಮಾತಾಡುವುದಿಲ್ಲ. ಬೆಳಗಾವಿಯಲ್ಲಿ ಒಬ್ಬ ಕೌನ್ಸೆಲರ್ ಹತ್ತಿರ ಬರುತ್ತಾನೆ. ನಾನು ಕಾಲಿಗೆ ಬೀಳಿಸಿದ್ದು ತಪ್ಪಾಯಿತು ಅಂತ ಅವನ ಮುಂದೆ ಕೂತು ಹೇಳಿದ್ದೇನೆ. "ಪೇಪರ್‌ನ್ಯಾಗೂ ಬರಿ" ಅಂದ. ಬರೆದಿದ್ದೇನೆ.

ಹೋದ ವಾರ ಆಯಿ ಕಣ್ಣಿನ ಆಪರೇಷನ್ನಿಗೆ ಬೆಳಗಾವಿಗೆ ಬಂದಿದ್ದರು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನಮ್ಮ ಪಡಸಾಲೆಯಲ್ಲಿ ಕೂತಿದ್ದರು. ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದೆ.

"ಅತ್ತೀ, ಅವತ್ತ ನಾವೆಲ್ಲಾ ಚರ್ಚಾ ಮಾಡ್ಕೋತ ಕುಂತಿದ್ವಿ. ನೀವ ಹೆಂಗ ಎದ್ದ ನಿಂತ್ರಿ?"

ಆಯಿ ಕಣ್ಣಿನ ಪಟ್ಟಿ ಸರಿಮಾಡಿಕೊಂಡರು.

"ನಂದು ತವರಮನಿ ಕಣಕುಂಬಿ, ಗೊತ್ತೈತಿಲ್ಲ? ಅಲ್ಲಿ ನಮ್ಮ ಸೋದರಮಾವ ಇದ್ದ. ಆಂವ ಸಾಯೂ ತನಕ ನಾ ತವರಿಗೆ ಕಾಲಿಡಲಿಲ್ಲ. ನಾಗರ ಪಂಚಮಿಗೆ ಅಣ್ಣ ಕರಿಯಾಕ ಬರ್ತಿದ್ದ. ಬರಂಗಿಲ್ಲ ಅಂತಿದ್ದೆ. ನಮ್ಮವ್ವ ಅಳ್ತಿದ್ದಳು."

ಆಯಿಯ ದನಿಯಲ್ಲಿ ಏರಿಳಿತ ಇರಲಿಲ್ಲ. ಎಮ್ಮೆ ಎಷ್ಟು ಹಾಲು ಕೊಡುತ್ತದೆ ಅಂತ ಹೇಳುವ ಹಾಗೆ ಹೇಳುತ್ತಿದ್ದರು.

"ಯಾರೂ ಯಾಕಂತ ಕೇಳಲಿಲ್ಲೇನು?"

"ಕೇಳೂದೇನು. ಸೊಕ್ಕ ಅಂದ್ರು. ಗಂಡನ ಮನಿ ಎಮ್ಮಿ ಕಂಡು ತವರ ಮರತಾಳ ಅಂದ್ರು. ಈಗೂ ಅಂತಾರ."

"ನೀವ ಯಾರಿಗೂ ಹೇಳಲಿಲ್ಲೇನ್ರಿ?"

"ಹೇಳಿದ್ನಲ್ಲ, ಬರಂಗಿಲ್ಲ ಅಂತ."

ಮೊಮ್ಮಗನೂ ಆಯಿಯೂ ಮಾತಾಡಿಕೊಂಡಿರಲಿಲ್ಲ. ಐವತ್ತು ವರ್ಷದ ಅಂತರದಲ್ಲಿ ಇಬ್ಬರೂ ಹೇಳಿದ್ದು ಅದೇ. ಇಬ್ಬರಿಗೂ ಸಿಕ್ಕಿದ್ದೂ ಅದೇ.

ಸ್ವಲ್ಪ ಹೊತ್ತಿನ ಮೇಲೆ ನಾನು ಮೆಲ್ಲಗೆ, ಇದನ್ನು ಬರೆಯಲೇ ಅಂತ ಕೇಳಿದೆ.

"ಬರಿ ಯವ್ವಾ" ಅಂದರು ಆಯಿ. "ಸತ್ತಾಂವ ಏನ ಪೇಪರ್ ಓದ್ತಾನ?"

ನಿಮ್ಮ ಮನೆಯಲ್ಲಿ ಸೊಕ್ಕಿನವರು ಅಂತ ಹೆಸರು ಪಡೆದವರು ಯಾರಿದ್ದಾರೆ?